ವಾಲಿಯು ತಾರೆಯ ಮಾತನ್ನೇಕೆ ಕೇಳಲಿಲ್ಲ?

ಕಳೆದ ವರ್ಷದ ನವರಾತ್ರಿಯಲ್ಲಿ ನಮ್ಮ ಡೊಂಬಿವಲಿಯಲ್ಲಿ ಒಂದು ತಾಳಮದ್ದಳೆ ಜರುಗಿತು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದಿರುವ ರಾಮಾಯಣ ಪ್ರಸಂಗಗಳಲ್ಲಿ ವಾಲಿ-ಸುಗ್ರೀವರ ಕಾಳಗವು ಕರಾವಳಿಯವರಿಗೆಲ್ಲ ಅಚ್ಚುಮೆಚ್ಚಿನದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಮದ್ದಳೆಯ ನಾದ, ಎದುರುಬದುರು ಕುಳಿತ ಅರ್ಥಧಾರಿಗಳ ಮಾತು, ಇಷ್ಟರಿಂದಲೇ ಕಿಷ್ಕಿಂಧೆಯು ನಮ್ಮ ಕಣ್ಣಮುಂದೆ ನಿಲ್ಲಬೇಕು. ಅಂದು ಅದು ನಿಂತಿತು. ಬಾಣ ನಾಟಿದ ವಾಲಿಯು ಶ್ರೀರಾಮಚಂದ್ರನನ್ನು ಪ್ರಶ್ನಿಸುವ ಭಾಗ ಬಂದಾಗ, ಹೊರಗೆ ಗರಬಾದ ಧ್ವನಿವರ್ಧಕಗಳು ಅಬ್ಬರಿಸುತ್ತಿದ್ದರೂ ಸಭಾಗೃಹದೊಳಗೆ ಒಂದು ಕೆಮ್ಮೂ ಕೇಳಿಸಲಿಲ್ಲ.

ಪ್ರಸಂಗ ಮುಗಿದು ಚಹಾ ಕುಡಿಯುವಾಗ ಎಂದಿನಂತೆ ಚರ್ಚೆಯೆದ್ದಿತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೇ ಅಧರ್ಮವೇ ಎಂಬುದು ಹಳೆಯ ಪ್ರಶ್ನೆ; ಅದಕ್ಕೆ ಹಳೆಯ ಉತ್ತರಗಳೂ ಇವೆ. ಅಷ್ಟರಲ್ಲಿ ಉಡುಪಿಯ ಕಡೆಯ ವೃದ್ಧ ತಾಯಿಯೊಬ್ಬರು, "ಅದೆಲ್ಲ ಇರಲಿ ಮಾರಾಯ್ರೆ, ಹೆಂಡತಿ ಅಷ್ಟು ಬಿಡಿಸಿ ಹೇಳಿದಳಲ್ಲ, ಅವನು ಯಾಕೆ ಕೇಳಲಿಲ್ಲ?" ಎಂದು ಕೇಳಿದರು. "ವಿಧಿ" ಎಂದರು ಒಬ್ಬರು. "ಅಹಂಕಾರ" ಎಂದರು ಇನ್ನೊಬ್ಬರು. ಎರಡು ಉತ್ತರಗಳೂ ಆ ತಾಯಿಗೆ ಒಪ್ಪಿಗೆಯಾದಂತೆ ತೋರಲಿಲ್ಲ. ನನಗೂ ಆಗಲಿಲ್ಲ. ಆ ಪ್ರಶ್ನೆಯನ್ನು ನಾನು ಒಂದು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ. ಬ್ಯಾಂಕಿನ ಗುಮಾಸ್ತನಾದ ನನಗೆ ಶಾಸ್ತ್ರಪಾಂಡಿತ್ಯವಿಲ್ಲ. ಆದರೆ ಆ ಪ್ರಶ್ನೆಗೂ ನನ್ನ ಸ್ವಂತ ಬದುಕಿಗೂ ಒಂದು ಲೆಕ್ಕ ಬಾಕಿಯಿರುವುದರಿಂದ, ಓದುಗರು ನನ್ನ ಈ ಸಾಹಸವನ್ನು ಮನ್ನಿಸಬೇಕು.

ಮೊದಲು ತಾರೆ ಹೇಳಿದ್ದೇನು ಎಂಬುದನ್ನು ನೋಡೋಣ. ವಾಲ್ಮೀಕಿಗಳು ಕಿಷ್ಕಿಂಧಾಕಾಂಡದಲ್ಲಿ ಈ ಪ್ರಸಂಗವನ್ನು ಬಹು ಸೂಕ್ಷ್ಮವಾಗಿ ಚಿತ್ರಿಸಿದ್ದಾರೆ. ಮೊದಲ ಕಾಳಗದಲ್ಲಿ ಅಣ್ಣತಮ್ಮಂದಿರಿಬ್ಬರೂ ಒಂದೇ ರೂಪದವರಾಗಿ ಕಂಡದ್ದರಿಂದ ಶ್ರೀರಾಮನು ಬಾಣ ಬಿಡಲಿಲ್ಲ. ಸುಗ್ರೀವನು ಪೆಟ್ಟು ತಿಂದು ಋಷ್ಯಮೂಕಕ್ಕೆ ಓಡಿಹೋದನು. ಬಳಿಕ ಗುರುತಿಗಾಗಿ ಕೊರಳಿಗೆ ಗಜಪುಷ್ಪಿಯ ಬಳ್ಳಿಯನ್ನು ಕಟ್ಟಿಸಿಕೊಂಡು ಬಂದು ಮತ್ತೆ ಗರ್ಜಿಸಿದನು. ಅಂತಃಪುರದಲ್ಲಿದ್ದ ವಾಲಿಯು ಎದ್ದು ಹೊರಟನು. ಆಗ ತಾರೆ ಅವನನ್ನು ತಡೆದಳು. ಅವಳು ಅತ್ತು ಕರೆದು ತಡೆದಳೆಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಅವಳು ತರ್ಕಿಸಿದಳು. ಈಗತಾನೇ ಸೋತು ಓಡಿಹೋದವನು ಇಷ್ಟು ಬೇಗ ಹಿಂತಿರುಗಿ, ಮೊದಲಿಗಿಂತ ಹೆಚ್ಚಿನ ದನಿಯಲ್ಲಿ ಕೂಗುತ್ತಿದ್ದಾನೆಂದರೆ ಅವನ ಹಿಂದೆ ಯಾರೋ ಇರಬೇಕು ಎಂಬುದು ಅವಳ ಮೊದಲ ಮಾತು. ಅಂಗದನು ಕಾಡಿಗೆ ಹೋಗಿದ್ದಾಗ ಚಾರರಿಂದ ತಿಳಿದು ಬಂದ ಸುದ್ದಿಯೂ ಅವಳ ಬಳಿಯಿತ್ತು: ಅಯೋಧ್ಯೆಯ ದಶರಥನ ಮಕ್ಕಳಿಬ್ಬರು ಸುಗ್ರೀವನೊಡನೆ ಸ್ನೇಹ ಬೆಳೆಸಿದ್ದಾರೆ. ಆದುದರಿಂದ ಈಗ ಹೋಗಬೇಡ, ಕಾದಬೇಕೆಂದಿದ್ದರೆ ನಾಳೆ ಬೆಳಿಗ್ಗೆ ಕಾದು. ಅದಕ್ಕಿಂತ ತಮ್ಮನನ್ನು ಯುವರಾಜನನ್ನಾಗಿ ಮಾಡಿ ರಾಮನ ಸ್ನೇಹವನ್ನು ಸಂಪಾದಿಸು ಎಂದು ಅವಳು ಉಪಾಯವನ್ನೂ ಹೇಳಿದಳು. ಲಕ್ಷಣ, ಸಾಕ್ಷ್ಯ, ಸಮಯ, ಸಂಧಿ ಎಲ್ಲವೂ ಇವೆ ಈ ಮಾತಿನಲ್ಲಿ. ಯಾವ ರಾಜಮಂತ್ರಿಯೂ ಇದಕ್ಕಿಂತ ಚೆನ್ನಾಗಿ ಹೇಳಲಾರ.

ವಾಲಿಯ ಉತ್ತರದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಎಲ್ಲರಿಗೂ ನೆನಪಿರುವುದು: ಶತ್ರುವಿನ ಗರ್ಜನೆಯನ್ನು ಕೇಳಿ ಸುಮ್ಮನಿರುವುದು ವೀರನಿಗೆ ಮರಣಕ್ಕಿಂತ ಕಷ್ಟ. ಇದನ್ನು ಅಹಂಕಾರವೆನ್ನಬಹುದು. ನನ್ನನ್ನು ಕಾಡಿದ್ದು ಎರಡನೆಯ ಭಾಗ. ರಾಮನ ವಿಷಯದಲ್ಲಿ ನೀನು ಚಿಂತಿಸಬೇಡ, ಅವನು ಧರ್ಮವನ್ನು ಬಲ್ಲವನು, ಅವನೇಕೆ ಪಾಪ ಮಾಡುತ್ತಾನೆ ಎಂದು ಅವನು ತಾರೆಯನ್ನೇ ಸಮಾಧಾನಪಡಿಸುತ್ತಾನೆ. ತಮ್ಮನನ್ನು ಕೊಲ್ಲುವುದಿಲ್ಲ, ಅವನ ಸೊಕ್ಕನ್ನು ಮುರಿದು ಬರುತ್ತೇನೆ ಎಂದು ಮಾತನ್ನೂ ಕೊಡುತ್ತಾನೆ. ಇದು ದುಷ್ಟನ ಮಾತಲ್ಲ. ಲೋಕದಲ್ಲಿ ನಿಯಮವೊಂದಿದೆ, ದೊಡ್ಡವರು ಅದನ್ನು ಮೀರುವುದಿಲ್ಲ ಎಂದು ನಂಬಿದವನ ಮಾತು. ಬಾಣ ತಗುಲಿ ಬಿದ್ದ ಮೇಲೂ ಅವನು ಇದನ್ನೇ ಹೇಳುತ್ತಾನೆ: ನಿನ್ನ ಗುಣಗಳನ್ನು ಎಣಿಸಿಯೇ ನಾನು ತಾರೆ ತಡೆದರೂ ಬಂದೆ, ಇನ್ನೊಬ್ಬನೊಡನೆ ಕಾದುತ್ತಿರುವ ನನ್ನನ್ನು ನೀನು ಹೊಡೆಯಲಾರೆ ಎಂದುಕೊಂಡೆ, ನೀನು ಹುಲ್ಲು ಮುಚ್ಚಿದ ಬಾವಿಯೆಂದು ನನಗೆ ತಿಳಿಯಲಿಲ್ಲ ಎಂದು.

ಭಕ್ತಿವಿಭಾಗದ ಈ ಪುಟಗಳಲ್ಲಿ ಶ್ರೀರಾಮನನ್ನು ಶತ್ರುವೆಂದು ಕರೆಯುವ ಎದೆ ನನಗಿಲ್ಲ. ವಾಲಿಯ ಕಣ್ಣಿಗೆ ಆ ಗಳಿಗೆಯಲ್ಲಿ ಅವನು ಶತ್ರುಪಕ್ಷದವನು ಎಂದಷ್ಟೇ ನನ್ನ ಮಾತಿನ ತಾತ್ಪರ್ಯ. ಅಲ್ಲದೆ ಶ್ರೀರಾಮನು ಕೊಟ್ಟ ಉತ್ತರವನ್ನು ಮರೆಯಬಾರದು. ತಮ್ಮನು ಬದುಕಿರುವಾಗಲೇ ಅವನ ಪತ್ನಿ ರುಮೆಯನ್ನು ತನ್ನವಳನ್ನಾಗಿ ಮಾಡಿಕೊಂಡವನು ವಾಲಿ. ಆ ದೋಷಕ್ಕೆ ಇದು ದಂಡನೆ ಎಂಬುದು ಆ ಉತ್ತರದ ತಿರುಳು. ಇಲ್ಲಿ ನನಗೆ ಒಂದು ಸೂಕ್ಷ್ಮ ಕಾಣುತ್ತದೆ. ಎದುರಾಳಿಯ ಧರ್ಮವನ್ನು ಇಷ್ಟು ಚೆನ್ನಾಗಿ ನೆನೆದ ವಾಲಿಗೆ ತನ್ನ ಅಧರ್ಮವು ನೆನಪಿಗೇ ಬರಲಿಲ್ಲ. ಹೊರಗೆ ನಿಂತು ಕೂಗುತ್ತಿರುವವನು ಯಾವ ನೋವಿನಿಂದ ಕೂಗುತ್ತಿದ್ದಾನೆ, ಯಾವ ಗಡಿಯವರೆಗೆ ಹೋಗಬಲ್ಲ ಎಂದು ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

ಬೆದರಿಕೆಯ ಮಾತು ಕಿವಿಗೆ ಬಿದ್ದಾಗ ನಿಯಮಸ್ಥನಾದ ಮನುಷ್ಯನು ಸಾಮಾನ್ಯವಾಗಿ ಬೆದರಿಸಿದವನನ್ನು ನೋಡುವುದಿಲ್ಲ, ತನ್ನನ್ನೇ ನೋಡಿಕೊಳ್ಳುತ್ತಾನೆ. "ನಾನು ಹೆದರಿದೆನೇ?" ಎಂದು ತನ್ನನ್ನು ಕೇಳಿಕೊಳ್ಳುತ್ತಾನೆ. "ಇಲ್ಲ" ಎಂಬ ಉತ್ತರ ಬಂದೊಡನೆ ವಿಷಯ ಮುಗಿಯಿತೆಂದು ಭಾವಿಸುತ್ತಾನೆ. ಆದರೆ ಬೆದರಿಕೆಯು ನಮ್ಮ ಶೀಲಕ್ಕೆ ಒಡ್ಡಿದ ಪರೀಕ್ಷೆಯಲ್ಲ. ಅದು ಇನ್ನೊಬ್ಬನ ಮನಸ್ಸಿನೊಳಗಿನಿಂದ ಬಂದ ಒಂದು ವರದಿ. ಅವನು ಏನು ಮಾಡಬಲ್ಲ, ಯಾರಿಗೆ ಮಾಡಬಲ್ಲ ಎಂಬುದು ಆ ವರದಿಯಲ್ಲಿರುತ್ತದೆ. ನಮ್ಮ ನಿರ್ಭಯತೆಯು ಆ ವರದಿಯನ್ನು ಸುಳ್ಳು ಮಾಡುವುದಿಲ್ಲ.

ಈ ಮಾತನ್ನು ಪುರಾಣದಿಂದ ನಮ್ಮ ನಗರಕ್ಕೆ ತರುವುದಾದರೆ, ಮುಂಬಯಿ ಕನ್ನಡಿಗರಾದ ನಮಗೆ ಬಹಳ ಹತ್ತಿರದ ಒಂದು ಕಾದಂಬರಿಯಿದೆ. ಯಶವಂತ ಚಿತ್ತಾಲರ 'ಶಿಕಾರಿ' ಪ್ರಕಟವಾದದ್ದು 1979ರಲ್ಲಿ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಚಿತ್ತಾಲರು ಬಾಳಿನ ಬಹುಭಾಗವನ್ನು ಇದೇ ಮುಂಬಯಿಯಲ್ಲಿ, ರಾಸಾಯನಿಕ ಉದ್ಯಮದ ಉದ್ಯೋಗದಲ್ಲಿ ಕಳೆದು, 2014ರಲ್ಲಿ ಇಲ್ಲಿಯೇ ಕಾಲವಾದರು. ಅವರ ನಾಗಪ್ಪನು ಇಂಥದೇ ಒಂದು ಕಂಪನಿಯ ಅಧಿಕಾರಿ. ಕೆಲಸದಲ್ಲಿ ನಿಷ್ಠನಾದ ಅವನನ್ನು ಒಂದು ದಿನ ಇದ್ದಕ್ಕಿದ್ದಂತೆ ಕೆಲಸದಿಂದ ದೂರವಿಡಲಾಗುತ್ತದೆ. ಆರೋಪವೇನೆಂಬುದೇ ಅವನಿಗೆ ತಿಳಿಯದು. ಬರಬರುತ್ತ ತನ್ನನ್ನು ಯಾರೋ ಬೇಟೆಯಾಡುತ್ತಿದ್ದಾರೆ ಎಂಬುದು ಅವನಿಗೆ ಅರಿವಾಗುತ್ತದೆ. ಬೇಟೆಗಾರರು ಕಾಡಿನಿಂದ ಬಂದವರಲ್ಲ. ಕಚೇರಿಯ ಫಿರೋಜ್ ಬಂದೂಕವಾಲಾ, ಹಳೆಯ ಪರಿಚಯದ ಶ್ರೀನಿವಾಸ, ಹೀಗೆ ದಿನವೂ ಕಾಣುವ ಮುಖಗಳು. ಬಂದೂಕವಾಲಾ ಎಂಬ ಹೆಸರಿನಲ್ಲಿಯೇ ಲೇಖಕರು ಎಚ್ಚರಿಕೆಯನ್ನು ಬರೆದಿಟ್ಟಿದ್ದಾರೆ ಎಂದು ನನಗೆ ಅನ್ನಿಸುವುದುಂಟು.

ನಾಗಪ್ಪನು ವಾಲಿಯಂತೆ ಮಹಾಬಲನಲ್ಲ. ಅಂಜುವವನು, ಅನುಮಾನದ ಮನುಷ್ಯ. ಆದರೂ ಇಬ್ಬರಲ್ಲಿ ಒಂದು ಸಾಮ್ಯವಿದೆ. ಕಷ್ಟವು ಬಾಗಿಲಿಗೆ ಬಂದಾಗ ನಾಗಪ್ಪನ ದೃಷ್ಟಿ ತಿರುಗುವುದು ತನ್ನೊಳಕ್ಕೆ. ತನ್ನಿಂದ ಎಲ್ಲಿ ತಪ್ಪಾಯಿತು, ತನ್ನ ಬಾಲ್ಯದ, ತನ್ನ ಹುಟ್ಟಿನ ಯಾವ ನೆರಳು ಇಲ್ಲಿಯವರೆಗೆ ಚಾಚಿಕೊಂಡು ಬಂತು ಎಂದು ಅವನು ತನ್ನನ್ನೇ ಅಗೆದು ನೋಡುತ್ತಾನೆ. ಅವನು ಹೀಗೆ ಒಳಗೆ ಅಗೆಯುತ್ತಿರುವಾಗ ಹೊರಗಿನವರು ಅವನ ಮೇಲೆ ಕಣ್ಣಿಟ್ಟು ಬಲೆಯನ್ನು ಬಿಗಿಯುತ್ತಾರೆ. ಬಲಿಷ್ಠನು "ನಾನು ಹೆದರಲಿಲ್ಲ" ಎಂದು ತನ್ನನ್ನು ನೋಡಿಕೊಂಡ. ದುರ್ಬಲನು "ನಾನು ತಪ್ಪು ಮಾಡಿದೆನೇ" ಎಂದು ತನ್ನನ್ನು ನೋಡಿಕೊಂಡ. ಎರಡು ಕಡೆಯೂ ನೋಡಬೇಕಾದವನನ್ನು ನೋಡಲಿಲ್ಲ. ಕಾದಂಬರಿಯನ್ನು ಹಾಗೆ ಓದಬೇಕೆಂಬ ಹಟ ನನಗಿಲ್ಲ. ವಿಮರ್ಶಕರು ಅದನ್ನು ಆಧುನಿಕ ಮನುಷ್ಯನ ಆತಂಕದ ಕಥೆಯೆಂದು ಓದಿದ್ದಾರೆ. ಲೋಕಲ್ ಗಾಡಿಯಲ್ಲಿ ಕಲ್ಯಾಣದಿಂದ ಬರುವ ಗುಂಪಿನ ನಡುವೆ ನಿಂತುಕೊಂಡೇ ಅದನ್ನು ಮುಗಿಸಿದ ನನಗೆ ಮಾತ್ರ ಹೀಗೆ ಕಂಡಿತು. ಅದಕ್ಕೆ ಕಾರಣವೂ ಇದೆ.

ಇನ್ನು ನನ್ನ ಬಾಕಿಯ ಲೆಕ್ಕಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ, ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಹಳೆಯ ಕಟ್ಟಡದ ಸೊಸೈಟಿಗೆ ನಾನು ಸೆಕ್ರೆಟರಿಯಾಗಿದ್ದೆ. ಬ್ಯಾಂಕಿನವನು, ಲೆಕ್ಕ ಬಲ್ಲವನು ಎಂದು ಸದಸ್ಯರು ಆ ಹೊರೆಯನ್ನು ನನ್ನ ಹೆಗಲಿಗೆ ಹೊರಿಸಿದ್ದರು. ಠಾಣೆಯಿಂದ ಕಲ್ಯಾಣದವರೆಗಿನ ನಿವಾಸಿಗಳಿಗೆಲ್ಲ ಪರಿಚಿತವಾದ ರಿಡೆವಲಪ್‌ಮೆಂಟಿನ ಮಾತು ನಮ್ಮಲ್ಲಿಯೂ ಆರಂಭವಾಗಿತ್ತು. ಮಹಾಸಭೆಯಲ್ಲಿ ಒಂದು ಪ್ರಸ್ತಾಪವು ಬಿದ್ದುಹೋಯಿತು. ಆ ಪ್ರಸ್ತಾಪವು ಅಂಗೀಕಾರವಾಯಿತೆಂದು ನಡಾವಳಿ ಪುಸ್ತಕದಲ್ಲಿ ಬರೆಯಬೇಕೆಂದು ಒಬ್ಬ ದಲ್ಲಾಳಿ ನನ್ನಲ್ಲಿಗೆ ಬಂದನು. ಮೊದಲು ವಿನಯ, ಆಮೇಲೆ ಆಮಿಷ. ನಾನು ಒಪ್ಪದಿದ್ದಾಗ ಹೋಗುವ ಮುನ್ನ ಬಾಗಿಲಲ್ಲಿ ನಿಂತು, "ಸೆಕ್ರೆಟರಿ ಸಾಹೇಬ್, ಪುಸ್ತಕ ಇದ್ದರೆ ತಾನೆ ನಿಮ್ಮ ಸಭೆ ಆದದ್ದು? ಯೋಚನೆ ಮಾಡಿ" ಎಂದು ನಗುತ್ತ ಹೇಳಿದನು.

ನಾನೂ ನಕ್ಕೆ. ಸಹಕಾರಿ ಕಾನೂನು ಹೀಗೆ ಹೇಳುತ್ತದೆ, ಉಪನಿಯಮ ಹೀಗೆ ಹೇಳುತ್ತದೆ ಎಂದು ಅವನಿಗೆ ಪಾಠ ಒಪ್ಪಿಸಿದೆ. ಮರುದಿನ ಬೆಳಗಿನ ಲೋಕಲ್‌ನಲ್ಲಿ ಗೆಳೆಯರ ಮುಂದೆ ಈ ಸಂಗತಿಯನ್ನು ವರ್ಣಿಸಿಯೂ ವರ್ಣಿಸಿದೆ. ಠಾಣೆ ಸ್ಟೇಷನ್ ಬರುವ ಹೊತ್ತಿಗೆ ನಾನು ಒಬ್ಬ ಚಿಕ್ಕ ಸತ್ಯಹರಿಶ್ಚಂದ್ರನಾಗಿದ್ದೆ. ಅಂದಿನ ನನ್ನ ದನಿಯನ್ನು ನೆನೆದರೆ ಇಂದಿಗೂ ಮೈ ಮುದುಡುತ್ತದೆ.

ನಮ್ಮ ಕಟ್ಟಡದ ವಾಚ್‌ಮನ್ ಕಲಬುರಗಿ ಜಿಲ್ಲೆಯವನು. ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ಬಂದು, ನವಿ ಮುಂಬಯಿಯಲ್ಲಿ ಕಟ್ಟಡದ ಕೂಲಿ ಮಾಡಿ, ಕೊನೆಗೆ ನಮ್ಮ ಗೇಟಿನ ಪಕ್ಕದ ತಗಡಿನ ಕೋಣೆಗೆ ಬಂದು ಸೇರಿದ್ದನು. ನನ್ನೊಡನೆ ಕನ್ನಡ ಮಾತನಾಡುವುದು ಅವನಿಗೊಂದು ಸಂತೋಷ. ಅಂದು ಸಂಜೆ ನಾನು ಕಚೇರಿಯಿಂದ ಬಂದಾಗ ಅವನು ಎದ್ದು ಬಂದು, ದನಿ ತಗ್ಗಿಸಿ ಹೇಳಿದ: "ಸಾಹೇಬ್ರ, ಆ ಮಂದಿ ಬಾಯಿಲೆ ಅಂದದ್ದು ಕೈಲೆ ಮಾಡೋ ಮಂದಿ ಅದಾರ. ನಾ ಅವರ ಸೈಟಿನಾಗ ದುಡದೀನ್ರಿ, ನೋಡೀನಿ. ಆ ಬುಕ್ ನಿಮ್ಮ ಬ್ಯಾಂಕಿನಾಗ ಇಡ್ರಿ." ನನ್ನ ಮನೆಯಾಕೆಯೂ ಅದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿದ್ದಳು. ಇಬ್ಬರಿಗೂ ನಾನು ಕೊಟ್ಟದ್ದು ಒಂದೇ ಉತ್ತರ: "ನಮ್ಮ ಕಡೆ ಸತ್ಯವಿದೆ. ಯಾರೇನು ಮಾಡಿಯಾರು?" ಅಷ್ಟಕ್ಕೇ ನಿಲ್ಲದೆ, ಸಭೆಗೆ ಬಂದಿದ್ದ ಸದಸ್ಯರೆಲ್ಲ ಬಿಡುವಾದಾಗ ಸಹಿ ಹಾಕಲೆಂದು ಆ ಪುಸ್ತಕವನ್ನು ವಾಚ್‌ಮನ್‌ನ ಕೋಣೆಯಲ್ಲಿಯೇ ಇರಿಸಿದೆ. ಹೆದರಿ ಪುಸ್ತಕವನ್ನು ಬಚ್ಚಿಟ್ಟವನೆಂದು ಅನ್ನಿಸಿಕೊಳ್ಳಬಾರದೆಂಬುದೂ ಅದರೊಳಗೆ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಹನ್ನೆರಡನೆಯ ದಿನ ಮಧ್ಯರಾತ್ರಿಯ ಮಳೆಯಲ್ಲಿ ಮೂವರು ಬಂದರು. ಪುಸ್ತಕವನ್ನು ಕೇಳಿದರು. ಅವನು ಕೊಡಲಿಲ್ಲ. ಏಕೆ ಕೊಡಲಿಲ್ಲವೋ! ಅದರಲ್ಲಿದ್ದ ಒಂದಕ್ಷರವನ್ನೂ ಓದಲು ಬಾರದವನು, "ಸಾಹೇಬ್ರು ಇಟ್ಟಾರ" ಎಂಬಷ್ಟಕ್ಕೇ ಕೊಡಲಿಲ್ಲ. ಅವರು ಅವನ ಬಲಗೈಯನ್ನು ಮುರಿದು ಪುಸ್ತಕವನ್ನು ಕೊಂಡೊಯ್ದರು. ಪೊಲೀಸರಲ್ಲಿ ದೂರು ದಾಖಲಾಯಿತು, ಯಾರೂ ಸಿಗಲಿಲ್ಲ. ಸದಸ್ಯರು ಮತ್ತೆ ಸಭೆ ಸೇರಿ, ಹಿಂದಿನ ನಿರ್ಣಯವನ್ನು ಮತ್ತೊಮ್ಮೆ ಬರೆದು ಸಹಿ ಮಾಡಿದರು. ಆ ಪ್ರಸ್ತಾಪವೂ ಅಲ್ಲಿಗೆ ನಿಂತಿತು. ಅರ್ಥಾತ್, ಸತ್ಯವು ಗೆದ್ದಿತು. ನನಗೆ ಒಂದು ಗೀರೂ ಆಗಲಿಲ್ಲ. ಅವನ ಕೈ ಸೊಟ್ಟಗೆ ಕೂಡಿಕೊಂಡಿತು. ಕಬ್ಬಿಣದ ಗೇಟನ್ನು ತಳ್ಳಲು ಬಾರದ ಕೈಗೆ ಈ ಊರಿನಲ್ಲಿ ಕೆಲಸವಿಲ್ಲವೆಂದು ಅವನು ಊರಿಗೆ ಮರಳಿದನು.

ಬೆದರಿಕೆ ಬಂದದ್ದು ನನಗೆ, ಪೆಟ್ಟು ಬಿದ್ದದ್ದು ಅವನಿಗೆ. ಇದು ಅಪರೂಪದ ಆಕಸ್ಮಿಕವೆಂದು ನಾನು ಬಹುಕಾಲ ಸಮಾಧಾನ ಹೇಳಿಕೊಂಡೆ. ಈಗ ಹಾಗನ್ನಿಸುವುದಿಲ್ಲ. ತತ್ತ್ವನಿಷ್ಠನು ತನ್ನ ಪ್ರಾಣವನ್ನು ಪಣಕ್ಕೊಡ್ಡುತ್ತಿದ್ದೇನೆಂದು ತಿಳಿದಿರುತ್ತಾನೆ. ಅನೇಕ ವೇಳೆ ಅವನು ಪಣಕ್ಕೊಡ್ಡಿರುವುದು ಇನ್ನೊಬ್ಬರದನ್ನು. ವಾಲಿಯು ಸತ್ತು ವೀರಸ್ವರ್ಗವನ್ನು ಪಡೆದನು. ಗಂಡನ ದೇಹದ ಮೇಲೆ ಬಿದ್ದು ಗೋಳಾಡಿದವಳು ತಾರೆ, ತಬ್ಬಲಿಯಾದವನು ಅಂಗದ. ಹೊರಡುವಾಗ ತಾರೆಯು ಕಣ್ಣೀರು ಸುರಿಸುತ್ತಲೇ ಪ್ರದಕ್ಷಿಣೆ ಬಂದು, ಮಂತ್ರೋಕ್ತವಾಗಿ ಸ್ವಸ್ತಿವಾಚನ ಮಾಡಿ ಕಳುಹಿಸಿದಳೆಂದು ವಾಲ್ಮೀಕಿಗಳು ಹೇಳುತ್ತಾರೆ. ಎಲ್ಲವನ್ನೂ ಬಲ್ಲವಳು ಹೀಗೆ ಹರಸಿ ಕಳುಹಿಸಬೇಕಾಗಿ ಬಂದ ಆ ಗಳಿಗೆಯನ್ನು ಅರ್ಥಧಾರಿಗಳು ಇನ್ನೂ ಸ್ವಲ್ಪ ವಿಸ್ತರಿಸಿದರೆ ಒಳ್ಳೆಯದು.

ಹಾಗಾದರೆ ಸಜ್ಜನನು ಎಲ್ಲರನ್ನೂ ಸಂಶಯದಿಂದ ನೋಡಬೇಕೇ? ಹಗಲಿಡೀ ಅನುಮಾನಿಸುವವನು ಸಜ್ಜನನಾಗಿ ಉಳಿದಾನೆಯೇ? ಈ ಆಕ್ಷೇಪಣೆ ಸಣ್ಣದಲ್ಲ. ಇದಕ್ಕೆ ನನಗೆ ಉತ್ತರ ದೊರೆತದ್ದು ಗ್ರಂಥದಲ್ಲಲ್ಲ, ನನ್ನ ಮೇಜಿನ ಮೇಲೆ. ಬ್ಯಾಂಕಿನಲ್ಲಿ ಚೆಕ್ಕು ಬಂದರೆ ಸಹಿಯನ್ನು ನಮೂನೆ ಸಹಿಯೊಡನೆ ಹೋಲಿಸಿ ನೋಡುತ್ತೇವೆ. ಇಪ್ಪತ್ತು ವರ್ಷಗಳ ಪರಿಚಯದ ಮೇಷ್ಟರ ಚೆಕ್ಕಾದರೂ ನೋಡುತ್ತೇವೆ. ನಗದು ಕೋಣೆಯ ಬೀಗಕ್ಕೆ ಎರಡು ಕೀಲಿಕೈಗಳು, ಇಬ್ಬರ ಬಳಿ. ಒಬ್ಬನೇ ತೆರೆಯಲಾಗದು. ಇದರಿಂದ ಮೇಷ್ಟರಿಗೂ ಅವಮಾನವಿಲ್ಲ, ಜೊತೆಯ ಕೀಲಿಕೈ ಹಿಡಿದ ಸಹೋದ್ಯೋಗಿಗೂ ಅವಮಾನವಿಲ್ಲ. ಅಲ್ಲಿರುವ ಹಣ ನಮ್ಮದಲ್ಲ, ಅದು ಇನ್ನೊಬ್ಬರದು, ಆದುದರಿಂದ ನೋಡುತ್ತೇವೆ. ದಿನಕ್ಕೆ ನೂರು ಸಲ ಹೀಗೆ ನೋಡುವ ನಾನು ಸಂಜೆ ಮನೆಗೆ ಬಂದು, ಇಡೀ ಕಟ್ಟಡದವರ ಹಕ್ಕು ಅಡಗಿದ್ದ ಪುಸ್ತಕವನ್ನು ತಗಡಿನ ಕೋಣೆಯಲ್ಲಿಟ್ಟೆ. ಅದನ್ನು ಸತ್ಯನಿಷ್ಠೆ ಎಂದು ಕರೆದುಕೊಂಡೆ.

ಮಹಾಭಾರತದ ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಸಂಧಿಗಾಗಿ ಹಸ್ತಿನಾವತಿಗೆ ಹೋಗುವುದನ್ನು ನೆನೆಯಿರಿ. ಕೌರವನ ಸಭೆಗೆ ಹೋಗುವುದು ನನಗೆ ಸರಿತೋರದು ಎಂದು ವಿದುರನು ಎಚ್ಚರಿಸುತ್ತಾನೆ. ಅವನ ದುಷ್ಟತನವನ್ನು ಬಲ್ಲೆನೆಂದೇ ಕೃಷ್ಣನು ಉತ್ತರಿಸುತ್ತಾನೆ. ಬಲ್ಲೆ, ಆದರೂ ಹೋಗಬೇಕು, ಏಕೆಂದರೆ ಶಾಂತಿಗಾಗಿ ಪ್ರಯತ್ನಿಸಲಿಲ್ಲವೆಂಬ ಮಾತು ಉಳಿಯಬಾರದು. ದುರ್ಯೋಧನನು ಅವನನ್ನು ಸೆರೆಹಿಡಿಯುವ ಆಲೋಚನೆ ಮಾಡಿದಾಗ ಸಾತ್ಯಕಿಯು ಅದನ್ನು ಮುಖಚಹರೆಯಿಂದಲೇ ಗ್ರಹಿಸಿ, ಸೈನ್ಯವನ್ನು ಸಭಾದ್ವಾರದಲ್ಲಿ ಸಜ್ಜಾಗಿ ನಿಲ್ಲಿಸೆಂದು ಕೃತವರ್ಮನಿಗೆ ಹೇಳಿ ಒಳಗೆ ಬರುತ್ತಾನೆ. ವಿಶ್ವರೂಪವನ್ನು ತೋರಬಲ್ಲ ಸ್ವಾಮಿಗೆ ಬಾಗಿಲಲ್ಲಿ ಸೈನ್ಯವೇಕೆ ಎಂದು ಕೇಳಬಹುದು. ವ್ಯಾಸರು ಅದನ್ನೂ ಬರೆದಿಟ್ಟಿದ್ದಾರೆ, ಇದನ್ನೂ ಬರೆದಿಟ್ಟಿದ್ದಾರೆ. ನಂಬಿಕೆಯಿಂದ ಹೋದವನು ಕಣ್ಣು ಮುಚ್ಚಿಕೊಂಡು ಹೋಗಲಿಲ್ಲ.

ಈ ಒಂಬತ್ತು ದಿನ ನಮ್ಮ ಮನೆಗಳಲ್ಲಿ ಪಾರಾಯಣವಾಗುವ ದೇವೀಮಾಹಾತ್ಮ್ಯದಲ್ಲಿಯೂ ಒಂದು ಬೆದರಿಕೆಯಿದೆ. ಶುಂಭನ ದೂತನು ಬಂದು, ನೀನಾಗಿ ಬಾರದಿದ್ದರೆ ಮುಡಿ ಹಿಡಿದು ಎಳೆದೊಯ್ಯುವರೆಂದು ದೇವಿಗೆ ಹೇಳುತ್ತಾನೆ. ಆ ದೂತನ ಹೆಸರೂ ಸುಗ್ರೀವನೇ ಎಂಬುದು ಒಂದು ವಿಚಿತ್ರ. ಜಗನ್ಮಾತೆ ಅವನನ್ನು ಹಳಿಯುವುದಿಲ್ಲ, ತನ್ನ ಹಿರಿಮೆಯನ್ನು ಕೊಚ್ಚಿಕೊಳ್ಳುವುದೂ ಇಲ್ಲ. ನಿನ್ನ ಒಡೆಯನು ಬಲಶಾಲಿಯೇ ಸರಿ, ಆದರೆ ನನ್ನದೊಂದು ಪ್ರತಿಜ್ಞೆಯಿದೆ, ಹೋಗಿ ಹೀಗೆಯೇ ತಿಳಿಸು ಎನ್ನುತ್ತಾಳೆ. ಅಲ್ಲಿ ಕಡೆಗಣಿಸಿದವನು ಶುಂಭ. ಕೇಳಿಸಿಕೊಂಡವಳು ತಾಯಿ.

ಜೈನ ರಾಮಾಯಣಗಳ ವಾಲಿಯ ಪರಿಯೇ ಬೇರೆ. ವಿಮಲಸೂರಿಯಿಂದ ಬಂದ ಆ ಪರಂಪರೆಯಲ್ಲಿ ರಾವಣನು ತನಗೆ ತಲೆಬಾಗೆಂದು ವಾಲಿಗೆ ಹೇಳಿಕಳುಹಿಸುತ್ತಾನೆ. ಜಿನನಿಗಲ್ಲದೆ ಅನ್ಯರಿಗೆ ಬಾಗೆನೆಂಬ ವ್ರತ ವಾಲಿಯದು. ಯುದ್ಧವಾದರೆ ಸಾಯುವವರು ಯಾರೆಂದು ಅವನು ಯೋಚಿಸುತ್ತಾನೆ. ರಾಜ್ಯವನ್ನು ಸುಗ್ರೀವನಿಗೆ ಒಪ್ಪಿಸಿ ತಾನು ದೀಕ್ಷೆ ಹಿಡಿಯುತ್ತಾನೆ. ವ್ರತವೂ ಉಳಿಯಿತು, ಪ್ರಜೆಗಳೂ ಉಳಿದರು. ಎಲ್ಲರಿಂದಲೂ ಆಗುವ ದಾರಿ ಅದಲ್ಲ. ಸೊಸೈಟಿಯ ಸೆಕ್ರೆಟರಿಗಂತೂ ರಾಜೀನಾಮೆ ಕೊಡುವುದು ದೀಕ್ಷೆಯಾಗಲಾರದು.

ಕೊನೆಗೆ ಮತ್ತೆ ಕಿಷ್ಕಿಂಧೆಗೇ ಬರಬೇಕು. ತಾಳಮದ್ದಳೆಯ ಆ ತಾಯಿಯ ಪ್ರಶ್ನೆಗೆ ವಾಲ್ಮೀಕಿಗಳು ಉತ್ತರವನ್ನು ಬೇರೊಂದು ಕಡೆ ಇಟ್ಟಿದ್ದಾರೆಂದು ಹುಡುಕುತ್ತ ಹೋದಾಗ ನನಗೆ ತಿಳಿಯಿತು. ಪ್ರಾಣ ಬಿಡುವ ಮುನ್ನ ವಾಲಿಯು ತಮ್ಮನನ್ನು ಹತ್ತಿರ ಕರೆಯುತ್ತಾನೆ. ಅಂಗದನನ್ನು ಅವನ ಕೈಗೊಪ್ಪಿಸುತ್ತಾನೆ, ಕಾಂಚನಮಾಲೆಯನ್ನು ಕೊಡುತ್ತಾನೆ. ಅದರೊಡನೆ ಇನ್ನೊಂದು ಮಾತನ್ನೂ ಹೇಳುತ್ತಾನೆ: ಸುಷೇಣನ ಮಗಳಾದ ಈ ತಾರೆಯು ಸೂಕ್ಷ್ಮವಿಷಯಗಳ ನಿರ್ಣಯದಲ್ಲಿಯೂ ಅಪಾಯದ ಸೂಚನೆಗಳನ್ನು ತಿಳಿಯುವುದರಲ್ಲಿಯೂ ನಿಪುಣೆ, ಇವಳು ಒಳ್ಳೆಯದೆಂದದ್ದನ್ನು ಸಂಶಯವಿಲ್ಲದೆ ಮಾಡು, ಇವಳ ಅಭಿಪ್ರಾಯ ಸುಳ್ಳಾಗುವುದಿಲ್ಲ ಎಂದು. ಎಷ್ಟು ತಡವಾಗಿ ಬಂದ ಮಾತು! ಅವಳ ಯೋಗ್ಯತೆ ಅವನಿಗೆ ಮೊದಲೇ ತಿಳಿದಿತ್ತು. ತಿಳಿದೂ ಕೇಳಲಿಲ್ಲ, ಏಕೆಂದರೆ ಆ ಗಳಿಗೆಯಲ್ಲಿ ಅವನಿಗೆ ಬೇಕಾಗಿದ್ದುದು ಸುದ್ದಿಯಲ್ಲ. ತಾನು ಎಂಥವನೆಂಬುದರ ಪ್ರಮಾಣ.

ಸುಗ್ರೀವನು ಆ ಮಾತನ್ನು ಮರೆಯಲಿಲ್ಲ. ಮಳೆಗಾಲ ಕಳೆದರೂ ಸೀತಾನ್ವೇಷಣೆಗೆ ಹೊರಡದೆ ಭೋಗದಲ್ಲಿ ಮೈಮರೆತಿದ್ದ ಅವನ ಮೇಲೆ ಲಕ್ಷ್ಮಣನು ಕೆಂಡದಂತಾಗಿ ಬಂದನು. ವಾಲಿ ಹೋದ ದಾರಿ ಇನ್ನೂ ಮುಚ್ಚಿಲ್ಲವೆಂಬ ಶ್ರೀರಾಮನ ಎಚ್ಚರಿಕೆ ಅವನ ಬಾಯಲ್ಲಿತ್ತು. ಸುಗ್ರೀವನು ವಾಲಿಯಷ್ಟು ಶೂರನಲ್ಲ, ವಾಲಿಯಷ್ಟು ಅಭಿಮಾನಿಯೂ ಅಲ್ಲ, ಅವನಿಗೆ ಹೆದರಿಕೆಯಾಯಿತು. ಹೆದರಿ ಅವನು ಮೊದಲು ಮಾಡಿದ ಕೆಲಸವೆಂದರೆ ತಾರೆಯನ್ನು ಮುಂದೆ ಕಳುಹಿಸಿದ್ದು. ಅವಳು ಬಂದು ನಾಲ್ಕು ಮಾತನಾಡಿದಳು. ಲಕ್ಷ್ಮಣನ ಕೋಪ ಇಳಿಯಿತು, ಕಿಷ್ಕಿಂಧೆ ಉಳಿಯಿತು. ಬಾಗಿಲ ಹೊರಗೆ ನಿಂತ ಸಿಟ್ಟು ಅದೇ ಜಾತಿಯದು, ಒಳಗ�ಿನ ಹೆಂಗಸೂ ಅದೇ ತಾರೆ. ಈ ಸಲ ಅವಳನ್ನು ಕೇಳುವವನೊಬ್ಬನಿದ್ದನು. ನಮ್ಮಲ್ಲಿ ಸುಗ್ರೀವನನ್ನು ಹೇಡಿಯೆಂದು ಹಾಸ್ಯ ಮಾಡುವ ರೂಢಿಯಿದೆ. ಈಚೆಗೆ ನನಗೆ ಆ ನಗು ಬರುವುದಿಲ್ಲ.

ಕಳೆದ ವಿಜಯದಶಮಿಯಂದು ಸಂಜೆ, ಸಂಘದಲ್ಲಿ ಬನ್ನಿ ಹಂಚಿಕೊಂಡು ಮನೆಗೆ ಮರಳಿದ್ದೆ. ಇಲ್ಲಿ ಮರಾಠಿ ನೆರೆಯವರು ಆಪಟೆಯ ಎಲೆಯನ್ನು ಬಂಗಾರವೆಂದು ಕೊಡುತ್ತಾರೆ. ಉತ್ತರ ಕರ್ನಾಟಕದವರು ಬನ್ನಿಯನ್ನು ಕೊಡುತ್ತಾರೆ. ನನ್ನ ಜೇಬಿನಲ್ಲಿ ಎರಡೂ ಇದ್ದವು. ಆಗ ಫೋನು ಬಂತು. ಊರಿನಿಂದ ಅವನೇ. ಪ್ರತಿವರ್ಷ ಈ ದಿನ ತಪ್ಪದೆ ಮಾತನಾಡುತ್ತಾನೆ. ನಾನೇ ಮೊದಲು ಮಾಡಬೇಕೆಂದುಕೊಂಡಿರುತ್ತೇನೆ, ಪ್ರತಿವರ್ಷವೂ ಅವನೇ ಮೊದಲಾಗುತ್ತಾನೆ. "ಬನ್ನಿ ತಗೋರಿ ಸಾಹೇಬ್ರ, ಬಂಗಾರದಂಗ ಇರೂಣು" ಎಂದ. ಕೈ ಹೇಗಿದೆಯೆಂದು ಕೇಳಿದೆ. ಚಳಿಗಾಲದಲ್ಲಿ ನೋಯುತ್ತದೆ, ಎಡಗೈಯಿಂದ ಎಲ್ಲ ರೂಢಿಯಾಗಿದೆ ಎಂದ. ತೊಗರಿ ಈ ವರ್ಷ ಪರವಾಗಿಲ್ಲವೆಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನು, ಎಂದಿನಂತೆ, ಏನೋ ತನ್ನದೇ ತಪ್ಪೆಂಬ ದನಿಯಲ್ಲಿ ಕೇಳಿದ:

"ಆ ಬುಕ್ ಮತ್ತ ಸಿಕ್ತೇನ್ರಿ?"

ಸಿಗಲಿಲ್ಲವೆಂದು ಹೇಳಿದೆ.